ಹಳೆಯ ಮಾರುತಿ: ಕೊಳ್ಳುವ ಬೆಲೆ ಒಂದು, ಸಾಕುವ ಬೆಲೆ ಇನ್ನೊಂದು

ತುರುವನೂರಿನಂತಹ ಹೋಬಳಿ ಕೇಂದ್ರದಲ್ಲಿ ಈರುಳ್ಳಿಗೋ ಶೇಂಗಾಕ್ಕೋ ಒಳ್ಳೆಯ ಧಾರಣೆ ಸಿಕ್ಕ ವರ್ಷ ಕೆಲವು ಮನೆಗಳಲ್ಲಿ ಕಾರಿನ ಮಾತು ಏಳುತ್ತದೆ. ಹೊಸದಕ್ಕೆ ಲಕ್ಷಗಟ್ಟಲೆ ಬೇಕು. ಆದ್ದರಿಂದ ಕಣ್ಣು ಹಳೆಯದರ ಮೇಲೆ ಬೀಳುತ್ತದೆ. ಹಳೆಯದು ಎಂದೊಡನೆ ನಮ್ಮ ಕಡೆ ನೆನಪಾಗುವ ಹೆಸರು ಮಾರುತಿ 800. ಒಂದು ಒಳ್ಳೆಯ ಬೈಕಿನ ಬೆಲೆಗಿಂತ ಕಡಿಮೆ ದುಡ್ಡಿಗೆ ನಾಲ್ಕು ಚಕ್ರ, ತಲೆಯ ಮೇಲೆ ಸೂರು! ಇದಕ್ಕಿಂತ ಅಗ್ಗ ಇನ್ನೇನಿದೆ ಎಂದು ಮನೆಯ ಯಜಮಾನರಿಗೆ ಅನಿಸುವುದು ಸಹಜ. ಆದರೆ ಕೊಳ್ಳುವ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು; ಸಾಕುವ ಬೆಲೆಯನ್ನು ಪ್ರತಿ ತಿಂಗಳೂ ಕೊಡಬೇಕು. ಮಗಳ ಪಿಯುಸಿ ಶುಲ್ಕಕ್ಕೆ ಎತ್ತಿಟ್ಟ ಹಣ ರೇಡಿಯೇಟರಿಗೆ ಸುರಿದುಹೋಗಬಾರದಾದರೆ ಈ ಎರಡನೆಯ ಬೆಲೆಯನ್ನು ಮೊದಲೇ ಲೆಕ್ಕ ಹಾಕಬೇಕು. ಅದಕ್ಕೆ ಬೇಕಾದ ಗಣಿತ ಏಳನೆಯ ತರಗತಿಯದು, ವಿಜ್ಞಾನ ಹತ್ತನೆಯ ತರಗತಿಯದು. ಮನೆಯ ಮಕ್ಕಳೇ ಮಾಡಬಹುದಾದ ಕೆಲಸ.

ಕಾರಿನ ಜಾತಕ

ಮೊದಲ ಮಾರುತಿ 800 ಕಾರಿನ ಕೀಲಿಕೈಯನ್ನು ಆಗಿನ ಪ್ರಧಾನಿ ಇಂದಿರಾ ಗಾಂಧಿಯವರು 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಅದರ ಮಾಲೀಕರಿಗೆ ಹಸ್ತಾಂತರಿಸಿದರು. ಆಗ ಬೆಲೆ ಐವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. 1986ರಲ್ಲಿ ಕಾರಿನ ಮೈಕಟ್ಟು ಬದಲಾಯಿತು. ಇಂದಿಗೂ ಹಳ್ಳಿ ರಸ್ತೆಗಳಲ್ಲಿ ಕಾಣುವುದು ಬಹುಮಟ್ಟಿಗೆ ಆ ಎರಡನೆಯ ರೂಪ. ಮೂರು ಸಿಲಿಂಡರುಗಳ 796 ಸಿಸಿ ಎಂಜಿನ್ ಮಾತ್ರ ಕೊನೆಯವರೆಗೂ ಉಳಿದುಬಂತು. ಮೊದಲು ಕಾರ್ಬ್ಯುರೇಟರ್ ಇತ್ತು. 2000ದ ಸುಮಾರಿಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಎಂಪಿಎಫ್‌ಐ ವ್ಯವಸ್ಥೆ ಬಂತು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ 25 ಲಕ್ಷಕ್ಕೂ ಹೆಚ್ಚು ಕಾರುಗಳು ನಮ್ಮ ದೇಶದಲ್ಲಿ ಮಾರಾಟವಾಗಿದ್ದವು.

ಈ ಜಾತಕದಿಂದ ತಿಳಿಯುವುದೇನು? ಕೊನೆಯ ತಂಡದ ಕಾರಿಗೂ ಈಗ ಹತ್ತು ವರ್ಷ ಮೀರಿದೆ. ಅಗ್ಗಕ್ಕೆ ಸಿಗುವುದು ಸಾಮಾನ್ಯವಾಗಿ ಹದಿನೈದು, ಇಪ್ಪತ್ತು ವರ್ಷ ದಾಟಿದ ಗಾಡಿ. ಒಂದು ಸಮಾಧಾನವೆಂದರೆ ಇದೇ ಬಳಗದ ಎಂಜಿನ್ ಹೊತ್ತ ಓಮ್ನಿ 2019ರವರೆಗೆ, ಆಲ್ಟೊ 800 2023ರವರೆಗೆ ತಯಾರಾದವು. ಆದ್ದರಿಂದ ಬಿಡಿಭಾಗಗಳಿಗೆ ಪರದಾಟ ಕಡಿಮೆ, ರಿಪೇರಿ ಬಲ್ಲ ಕೈಗಳೂ ಊರೂರಲ್ಲಿವೆ.

ಬಿಸಿಲು, ಬೋರ್‌ವೆಲ್ ನೀರು ಮತ್ತು ರೇಡಿಯೇಟರ್

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಕಾಲು ಭಾಗ ಮಾತ್ರ ಚಕ್ರ ತಿರುಗಿಸಲು ಒದಗುತ್ತದೆ. ಉಳಿದದ್ದು ಶಾಖ. ಅದರಲ್ಲಿ ಒಂದು ಪಾಲು ಹೊಗೆ ಕೊಳವೆಯ ಮೂಲಕ ಹೋದರೆ ಇನ್ನೊಂದು ಪಾಲನ್ನು ರೇಡಿಯೇಟರಿನ ನೀರು ಹೊತ್ತೊಯ್ಯಬೇಕು. ಚಿತ್ರದುರ್ಗದ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ ಕಾದಿರುವಾಗ ಈ ಕೆಲಸ ಸುಲಭವಲ್ಲ. ಹಳೆಯ ಮಾರುತಿಯ ಮೊದಲ ಕಾಯಿಲೆ ಆದ್ದರಿಂದ ಎಂಜಿನ್ ಕಾಯುವುದು.

ಇದಕ್ಕೆ ನಾಲ್ಕು ಮುಖ್ಯ ಕಾರಣಗಳಿವೆ. ರೇಡಿಯೇಟರಿನ ಹಿಂದಿರುವ ವಿದ್ಯುತ್ ಫ್ಯಾನ್ ಅಥವಾ ಅದರ ಸ್ವಿಚ್ ಕೆಟ್ಟಿರಬಹುದು. ಥರ್ಮೋಸ್ಟಾಟ್ ಎಂಬ ಶಾಖದ ಕವಾಟ ಸಿಕ್ಕಿಕೊಂಡಿರಬಹುದು. ರಬ್ಬರ್ ಕೊಳವೆ ಬಿರುಕು ಬಿಟ್ಟು ನೀರು ಸೋರುತ್ತಿರಬಹುದು. ನಾಲ್ಕನೆಯದು ನಮ್ಮ ನಾಡಿನದೇ ಕಾರಣ: ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಪದರ ಇದೇ. ಹಂಡೆಯಲ್ಲಿ ಕಟ್ಟಿದರೆ ಸೌದೆ ಹೆಚ್ಚು ಬೇಕಾದೀತು; ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿದರೆ ದಾರಿಯೇ ಮುಚ್ಚುತ್ತದೆ. ಈ ಪದರ ಶಾಖವನ್ನು ಸರಿಯಾಗಿ ದಾಟಿಸುವುದೂ ಇಲ್ಲ. ಹೀಗೆ ಕಾದ ಎಂಜಿನ್ನಿನ ತಲೆಭಾಗ ಸೊಟ್ಟಗಾಗಿ, ಹೆಡ್ ಗ್ಯಾಸ್ಕೆಟ್ ಸುಟ್ಟು, ನೀರು ಮತ್ತು ಎಣ್ಣೆ ಬೆರೆಯುತ್ತವೆ. ಕೆಲವು ನೂರು ರೂಪಾಯಿಯ ಕೂಲೆಂಟ್ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಎಂಜಿನ್ ಕೆಲಸ ತಂದುಕೊಳ್ಳುವುದೆಂದರೆ ಇದೇ.

ರೇಡಿಯೇಟರಿನ ಮುಚ್ಚಳದ ವಿಷಯವನ್ನು ಮಕ್ಕಳು ವಿಶೇಷವಾಗಿ ಗಮನಿಸಬೇಕು. ಅದು ಬರಿಯ ಮುಚ್ಚಳವಲ್ಲ, ಪ್ರೆಷರ್ ಕುಕ್ಕರಿನ ತೂಕದಂತೆ ಒತ್ತಡವನ್ನು ಹಿಡಿದಿಡುವ ಸಾಧನ. ವಾತಾವರಣದ ಒತ್ತಡಕ್ಕಿಂತ ಸುಮಾರು 0.9 ಬಾರ್ ಹೆಚ್ಚಿನ ಒತ್ತಡದಲ್ಲಿ ನೀರು 118 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಕುದಿಯುವುದಿಲ್ಲ. 110 ಡಿಗ್ರಿಗೆ ಕಾದ ನೀರಿರುವಾಗ ಅವಸರಪಟ್ಟು ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಇಳಿದು ಆ ನೀರು ಕ್ಷಣದಲ್ಲಿ ಕುದಿದು ಮುಖಕ್ಕೆ ಎರಚುತ್ತದೆ. ಕಾರು ಕಾದು ನಿಂತಾಗ ಮಾಡಬೇಕಾದ ಕೆಲಸ ಒಂದೇ: ಎಂಜಿನ್ ಆರಿಸಿ, ಅದು ಪೂರ್ತಿ ತಣಿಯುವವರೆಗೆ ಮರದ ನೆರಳಲ್ಲಿ ಕಾಯುವುದು.

ಹೊಗೆಯ ಬಣ್ಣ, ಚಕ್ರದ ಸದ್ದು

ಹಳೆಯ ಕಾರು ನೋಡಲು ಹೋದಾಗ ಮಾರುವವರ ಮಾತು ಒಂದೇ ಬಗೆಯಲ್ಲಿರುತ್ತದೆ: "ಎಂಜಿನ್ ಗುಂಡ್ಕಲ್ಲು ಇದ್ದಂಗೈತೆ ಬಿಡ್ರಿ ಯಜಮಾನ್ರೇ, ಕಣ್ ಮುಚ್ಕಂಡ್ ತಗಳ್ರಿ." ಕಣ್ಣು ಮುಚ್ಚಬಾರದ ಸಮಯವೇ ಅದು. ಹಿಂದಿನ ದಿನವೇ ತಿಳಿಸಿ, ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಹೋಗುವುದು ಲೇಸು. ಮೊದಲೇ ಚಾಲೂ ಮಾಡಿ ಬಿಸಿಯಾಗಿಸಿಟ್ಟ ಎಂಜಿನ್ ತನ್ನ ಅನೇಕ ದೋಷಗಳನ್ನು ಮುಚ್ಚಿಡುತ್ತದೆ.

ಹೊಗೆ ಸುಳ್ಳು ಹೇಳುವುದಿಲ್ಲ. ನೀಲಿ ಹೊಗೆ ಬಂದರೆ ಸವೆದ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಮೂಲಕ ಎಣ್ಣೆ ಒಳಸೇರಿ ಉರಿಯುತ್ತಿದೆ ಎಂದರ್ಥ. ಕಪ್ಪು ಹೊಗೆಯಾದರೆ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು; ಧೂಳಿನ ರಸ್ತೆಗಳಲ್ಲಿ ಓಡಿದ ಕಾರಿನ ಏರ್ ಫಿಲ್ಟರ್ ಕಟ್ಟಿರುವುದೂ ಇದಕ್ಕೆ ಕಾರಣವಿರಬಹುದು. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಕಂಡರೆ ಚಿಂತೆಯಿಲ್ಲ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ನೀರು ಸಿಲಿಂಡರಿಗೆ ಇಳಿಯುತ್ತಿದೆ. ಎಣ್ಣೆಯ ಕಡ್ಡಿಯನ್ನೂ ಎಳೆದು ನೋಡಬೇಕು. ಎಣ್ಣೆ ಕಪ್ಪಗಿದ್ದರೆ ಬದಲಾಯಿಸಿದರಾಯಿತು. ಹಾಲು ಬೆರೆಸಿದ ಕಾಫಿಯಂತಿದ್ದರೆ ನೀರು ಬೆರೆತಿದೆ, ಆ ಕಾರು ಬೇಡ.

ಮೂರೇ ಸಿಲಿಂಡರುಗಳ ಎಂಜಿನ್ನಿನಲ್ಲಿ ಒಂದು ಕೈಕೊಟ್ಟರೆ ಮೂರನೇ ಒಂದು ಭಾಗದ ಶಕ್ತಿಯೇ ಹೋದಂತೆ. ಗಾಡಿ ನಡುಗುತ್ತದೆ, ಏರು ಹತ್ತುವುದಿಲ್ಲ. ಕಾರಣ ಕೊಳಕಾದ ಸ್ಪಾರ್ಕ್ ಪ್ಲಗ್ ಆಗಿದ್ದರೆ ಖರ್ಚು ಅಲ್ಪ, ಸುಟ್ಟ ವಾಲ್ವ್ ಆಗಿದ್ದರೆ ದೊಡ್ಡದು. ಯಾವುದೆಂದು ಊಹಿಸುತ್ತ ಕೂರುವ ಬದಲು ಪರಿಚಯದ ಮೆಕ್ಯಾನಿಕ್ಕಿನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಮೂರು ಸಿಲಿಂಡರುಗಳ ಒತ್ತಡವೂ ಹೆಚ್ಚುಕಡಿಮೆ ಸಮನಾಗಿರಬೇಕು.

ಈ ಕಾರಿನಲ್ಲಿ ಮುಂದಿನ ಚಕ್ರಗಳೇ ಎಳೆಯುವುವು, ಅವೇ ತಿರುಗುವುವು. ಈ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿಸುವುದು ಸಿ.ವಿ. ಜಾಯಿಂಟ್. ಅದರ ರಬ್ಬರ್ ಚೀಲ ಹರಿದರೆ ಗ್ರೀಸ್ ಹೊರಹೋಗಿ ಧೂಳು ಒಳಸೇರುತ್ತದೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ಚಲಿಸಿದಾಗ ಟಕ ಟಕ ಸದ್ದು ಬಂದರೆ ಜಾಯಿಂಟ್ ಸವೆದಿದೆ. ಕ್ಲಚ್ ನೋಡಲು ಸುಲಭ ಉಪಾಯವೊಂದಿದೆ. ಬಯಲು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಗಿದು, ಮೂರನೇ ಗೇರಿಗೆ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರೆ ಎಂಜಿನ್ ಆರಿಹೋಗಬೇಕು. ಆರದೆ ಉರಿಯುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ.

ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಎಂದು ಕೇಳಲೇಬೇಕು. ಹೊರಗಿನಿಂದ ಕಾಣದ ಈ ರಬ್ಬರ್ ಪಟ್ಟಿ ತುಂಡಾದರೆ ನಡುದಾರಿಯಲ್ಲಿ ಎಂಜಿನ್ ನಿಲ್ಲುತ್ತದೆ. ದಾಖಲೆ ಇಲ್ಲದಿದ್ದರೆ ಬದಲಾಯಿಸಿಲ್ಲ ಎಂದೇ ತಿಳಿದು ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಕಿ.ಮೀ. ಮೀಟರಿನ ಅಂಕಿಯನ್ನಂತೂ ಪೂರ್ತಿ ನಂಬುವಂತಿಲ್ಲ. ಮೀಟರ್ 40 ಸಾವಿರ ತೋರಿಸುತ್ತಿದ್ದು, ಪೆಡಲುಗಳ ರಬ್ಬರ್ ನುಣ್ಣಗೆ ಸವೆದಿದ್ದರೆ ನಂಬಬೇಕಾದ್ದು ಪೆಡಲನ್ನು. ನಮ್ಮ ಒಣಸೀಮೆಯಲ್ಲಿ ತುಕ್ಕು ಕರಾವಳಿಯಷ್ಟು ಕಾಡದು. ಆದರೆ ಗಾಡಿ ಮೊದಲು ಎಲ್ಲಿತ್ತೋ ಯಾರು ಬಲ್ಲರು? ಕಾಲಡಿಯ ಮ್ಯಾಟ್ ಎತ್ತಿ ತಗಡನ್ನು ಒತ್ತಿ ನೋಡಬೇಕು.

ನಿಲ್ಲುವುದು ಓಡುವುದಕ್ಕಿಂತ ಮುಖ್ಯ

ಓಡದ ಕಾರು ಮನೆಯಲ್ಲಿ ನಿಲ್ಲುತ್ತದೆ, ಅಷ್ಟೇ. ನಿಲ್ಲದ ಕಾರು ಜೀವ ತೆಗೆಯುತ್ತದೆ. ಬ್ರೇಕ್ ಪೆಡಲಿನ ಒತ್ತಡವನ್ನು ಪಾಸ್ಕಲ್ ನಿಯಮದಂತೆ ಚಕ್ರಗಳಿಗೆ ಒಯ್ಯುವುದು ಬ್ರೇಕ್ ದ್ರವ. ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಇರಬೇಕೆಂದು ನಿಯಮ. ತೇವ ಹೀರಿದ ದ್ರವಕ್ಕೆ ನಿಯಮ ಕೇಳುವುದು ಕೇವಲ 140 ಡಿಗ್ರಿ. ಘಾಟಿಯಲ್ಲಿ ಮೇಲಿಂದ ಮೇಲೆ ಬ್ರೇಕ್ ಒತ್ತಿದಾಗ ಹಳೆಯ ದ್ರವ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ಪೆಡಲ್ ನೆಲಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಹಳೆಯ ಕಾರು ಕೊಂಡ ಮೊದಲ ವಾರವೇ ಈ ದ್ರವವನ್ನು ಪೂರ್ತಿ ಬದಲಾಯಿಸಿಬಿಡಬೇಕು.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆ ಅದರ ಹುಟ್ಟಿದ ದಿನ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಗೆರೆಗಳು ಎಷ್ಟೇ ಆಳವಾಗಿದ್ದರೂ ಹತ್ತು ವರ್ಷದ ರಬ್ಬರ್ ಬಿಸಿಲಿಗೆ ಗಡುಸಾಗಿ ಬಿರಿದಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣ ಎಂಬ ಪಾಠವೂ ಇಲ್ಲಿಯೇ ನೆನಪಾಗಬೇಕು. 40 ಕಿ.ಮೀ. ವೇಗಕ್ಕಿಂತ 80 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದ ಮೇಲೆ ಕಾರು ಸಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಮಾರುತಿ 800ರಲ್ಲಿ ಏರ್‌ಬ್ಯಾಗ್ ಇಲ್ಲ. ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದೇ 2019ರ ಜುಲೈನಿಂದ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಡಿಕ್ಕಿ ಪರೀಕ್ಷೆ ಮಾಡಿದಾಗ ಇದರ ತಮ್ಮನಂತಿರುವ ಆಲ್ಟೊ 800 ಕಾರಿಗೆ ದೊಡ್ಡವರ ರಕ್ಷಣೆಯಲ್ಲಿ ಒಂದು ನಕ್ಷತ್ರವೂ ಸಿಗಲಿಲ್ಲ. ಹೀಗಿರುವಾಗ ಐದು ಜನರ ಜಾಗದಲ್ಲಿ ಎಂಟು ಜನ ಕೂತು, ಲಾರಿಗಳು ಮಿಂಚಿನಂತೆ ಹಾಯುವ ಹೆದ್ದಾರಿಯಲ್ಲಿ ಹಿರಿಯೂರಿನ ಕಡೆಗೆ ಹೊರಡುವುದು ಸಾಹಸವಲ್ಲ, ಅವಿವೇಕ. ಬೆಲ್ಟು ಬಿಗಿದುಕೊಳ್ಳುವುದು, ವೇಗ ಮಿತಿಯಲ್ಲಿಡುವುದು ಈ ಕಾರಿನಲ್ಲಿ ಹೆಚ್ಚು ಅಗತ್ಯ. ಅಡುಗೆಯ ಗ್ಯಾಸ್ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟು ಓಡಿಸಿದ ಗಾಡಿಯಾದರೆ ಅದರ ಹತ್ತಿರವೂ ಸುಳಿಯಬಾರದು. ಗ್ಯಾಸ್ ಕಿಟ್ ಅಧಿಕೃತವಾಗಿದ್ದರೆ ಆರ್‌ಸಿಯಲ್ಲಿ ನಮೂದಾಗಿರುತ್ತದೆ.

ಕಾಗದ ಪತ್ರಗಳ ತೂಕ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಆರ್‌ಟಿಓ ಕಚೇರಿಯಲ್ಲಿ ಗಾಡಿಯನ್ನು ತಪಾಸಣೆಗೆ ಒಪ್ಪಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 20 ವರ್ಷ ಮೀರಿದ ಕಾರುಗಳಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಆಯಿತು. ಮಾರುವವರು ಆರ್‌ಸಿ ಅವಧಿ ಮುಗಿಯುವ ಹೊತ್ತಿಗೆ ಅವಸರಪಡುವುದೇಕೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಹೆಸರು ವರ್ಗಾವಣೆಯನ್ನು "ಆಮೇಲೆ ಮಾಡಿಸಿದರಾಯಿತು" ಎಂದು ಬಿಡುವ ರೂಢಿ ಅಪಾಯಕಾರಿ. 29 ಮತ್ತು 30ನೆಯ ನಮೂನೆಗಳಿಗೆ ಇಬ್ಬರ ಸಹಿ ಹಾಕಿಸಿ ಕಚೇರಿಗೆ ಸಲ್ಲಿಸಬೇಕು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ. ಕಾರು ಮಾರಿದವರಿಗೂ ಇದು ಎಚ್ಚರಿಕೆ. ಕೊಂಡವರು ವಿಮೆಯನ್ನೂ 14 ದಿನಗಳೊಳಗೆ ತಮ್ಮ ಹೆಸರಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಬೇಕು. ಹಿಂದೆ ಬ್ಯಾಂಕಿನ ಸಾಲವಿದ್ದರೆ ಅದು ತೀರಿದ ದಾಖಲೆ ಕೇಳಬೇಕು. ಕೆಎ-16 ಅಥವಾ ರಾಜ್ಯದ ಬೇರೆ ಸಂಖ್ಯೆಯ ಗಾಡಿಯಾದರೆ ಸರಿ. ಗಡಿಯಾಚೆ ಆಂಧ್ರದ ನೋಂದಣಿಯದಾದರೆ ಅಲ್ಲಿಯ ನಿರಾಕ್ಷೇಪಣಾ ಪತ್ರ, ಇಲ್ಲಿಯ ತೆರಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು ತಂದೆ ತಾಯಂದಿರಿಗೆ. ಹಳೆಯ ಕಾರಲ್ಲವೇ, ಕಲಿಯಲಿ ಎಂದು 18 ತುಂಬದ ಮಗನ ಕೈಗೆ ಕೀಲಿಕೈ ಕೊಡುವುದುಂಟು. 2019ರ ತಿದ್ದುಪಡಿಯ ಪ್ರಕಾರ ಆತ ಅಪರಾಧವೆಸಗಿದರೆ ಪೋಷಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ; ಗಾಡಿಯ ನೋಂದಣಿ ಒಂದು ವರ್ಷ ರದ್ದು; ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು.

ಪೆಟ್ರೋಲಿನಲ್ಲಿ ಎಥನಾಲ್

ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೌಲ್ ಶಕ್ತಿಯಿದ್ದರೆ ಎಥನಾಲಿನಲ್ಲಿ ಸುಮಾರು 21. ಮಿಶ್ರಣದಲ್ಲಿ 0.8 × 32 + 0.2 × 21 = 29.8 ಮೆಗಾಜೌಲ್. ಅಂದರೆ ಶಕ್ತಿ ಶೇಕಡಾ 7ರಷ್ಟು ಕಡಿಮೆ. ಮೈಲೇಜ್ ತುಸು ಇಳಿಯುವುದು ಸಹಜ. ಈ ಮಿಶ್ರಣಕ್ಕೆ ಹೊಂದುವ ರಬ್ಬರ್ ಭಾಗಗಳು ಹಳೆಯ ಕಾರ್ಬ್ಯುರೇಟರ್ ಗಾಡಿಗಳಲ್ಲಿ ಇರಲಿಲ್ಲ. ಆದ್ದರಿಂದ ಪೆಟ್ರೋಲ್ ಕೊಳವೆಗಳು ಮೆತ್ತಗಾಗಿವೆಯೇ, ಬಿರಿದಿವೆಯೇ ಎಂದು ಆಗಾಗ ನೋಡಿ ಬದಲಾಯಿಸಬೇಕು. ಸೋರುವ ಪೆಟ್ರೋಲ್ ಬಿಸಿ ಎಂಜಿನ್ನಿನ ಮೇಲೆ ಬಿದ್ದರೆ ಬೆಂಕಿಯ ಭಯವಿದೆ. ಎಥನಾಲ್ ತೇವ ಹೀರುವುದರಿಂದ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿಡುವುದೂ ಒಳ್ಳೆಯದಲ್ಲ.

ಮನೆಯಲ್ಲಿ ಮಾಡುವ ಲೆಕ್ಕ

ತುರುವನೂರಿನ ಒಂದು ಮನೆ 20 ವರ್ಷ ಮೀರಿದ ಮಾರುತಿಯನ್ನು 60,000 ರೂಪಾಯಿಗೆ ಕೊಂಡಿತು ಎಂದಿಟ್ಟುಕೊಳ್ಳಬಹುದು. ವಾರಕ್ಕೆರಡು ಸಲ ಚಿತ್ರದುರ್ಗಕ್ಕೆ ಹೋಗಿಬರಲು ಒಂದು ಸಲಕ್ಕೆ 40 ಕಿ.ಮೀ. ಹಿಡಿದರೆ ವರ್ಷಕ್ಕೆ 4,160 ಕಿ.ಮೀ. ಲೀಟರಿಗೆ 14 ಕಿ.ಮೀ. ಓಡಿದರೆ 297 ಲೀಟರ್ ಬೇಕು. ಲೆಕ್ಕದ ಅನುಕೂಲಕ್ಕೆ ಲೀಟರಿಗೆ 100 ರೂಪಾಯಿ ಹಿಡಿದರೆ 29,700 ರೂಪಾಯಿ. ಬಹಳ ಮನೆಗಳಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ. ಮುಂದುವರಿಸಬೇಕು.

ಇಷ್ಟು ಚಿಕ್ಕ ಎಂಜಿನ್ನಿನ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಮೂರನೇ ವ್ಯಕ್ತಿ ವಿಮೆಯ ದರ 2,094 ರೂಪಾಯಿ. ಶೇಕಡಾ 18 ಜಿಎಸ್‌ಟಿ ಸೇರಿ ಸುಮಾರು 2,470. ಮಾಲೀಕ ಚಾಲಕನ ವೈಯಕ್ತಿಕ ಅಪಘಾತ ವಿಮೆ ಬೇರೆ. ನೋಂದಣಿ ನವೀಕರಣದ 10,000 ರೂಪಾಯಿಯನ್ನು 5 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 2,000. ಎಣ್ಣೆ, ಫಿಲ್ಟರ್, ಪ್ಲಗ್, ಹೊಗೆ ತಪಾಸಣೆಗೆ 4,000. ಟೈರು ಮತ್ತು ಬ್ಯಾಟರಿಗೆಂದು ಎತ್ತಿಡುವುದು 5,000. ಹಠಾತ್ ರಿಪೇರಿಗೆ 8,000 ಎಂದಿಟ್ಟುಕೊಳ್ಳಬಹುದು. 5 ವರ್ಷದ ನಂತರ 20,000ಕ್ಕೆ ಮಾರಿದರೆ ಬೆಲೆ ಸವಕಳಿ ವರ್ಷಕ್ಕೆ 8,000. ಎಲ್ಲ ಕೂಡಿದರೆ ಸುಮಾರು 59,200 ರೂಪಾಯಿ. ಕಿ.ಮೀ.ಗೆ 14 ರೂಪಾಯಿ ದಾಟಿತು. ಇದರಲ್ಲಿ ಪೆಟ್ರೋಲಿನ ಪಾಲು ಅರ್ಧ ಮಾತ್ರ.

ಓಡಾಟ ಅರ್ಧಕ್ಕಿಳಿದರೆ? ಪೆಟ್ರೋಲ್ ಅರ್ಧವಾಗುತ್ತದೆ, ಉಳಿದ 29,500 ರೂಪಾಯಿ ಹಾಗೆಯೇ ನಿಂತಿರುತ್ತದೆ. ಕಿ.ಮೀ.ಗೆ 21 ರೂಪಾಯಿ ಬೀಳುತ್ತದೆ. ಕಡಿಮೆ ಓಡಿಸಿದಷ್ಟೂ ಪ್ರತಿ ಕಿ.ಮೀ. ದುಬಾರಿ ಎಂಬುದು ಹಳೆಯ ಕಾರಿನ ವಿಚಿತ್ರ ಗಣಿತ. ಗ್ಯಾರೇಜು ಮತ್ತು ಓಡಾಟದ ಅಂಕಿಗಳು ಇಲ್ಲಿ ಮಾದರಿಗೆ ಮಾತ್ರ. ಮಕ್ಕಳು ತಮ್ಮೂರಿನ ಗ್ಯಾರೇಜಿನಲ್ಲಿ ಕೇಳಿ, ಸರಿಯಾದ ಅಂಕಿ ತುಂಬಿ ಪಟ್ಟಿಯನ್ನು ಮತ್ತೆ ಮಾಡಬೇಕು.

ಪಟ್ಟಿಯ ಇನ್ನೊಂದು ಬದಿಯಲ್ಲಿ ಬಸ್ಸನ್ನು ಬರೆಯಬೇಕು. ಶಕ್ತಿ ಯೋಜನೆಯಿಂದಾಗಿ 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ಟಿಕೇಟಿಲ್ಲ. ಕಾಲೇಜಿಗೆ ಹೋಗುವ ಮಗಳಿಗೂ ಸಂತೆಗೆ ಹೋಗುವ ತಾಯಿಗೂ ಸರ್ಕಾರಿ ಬಸ್ಸು ಇರುವ ದಾರಿಯಲ್ಲಿ ಕಾರಿನ ಅಗತ್ಯವೇ ಬೀಳದಿರಬಹುದು. ಆದರೆ ನಡುರಾತ್ರಿ ಅಜ್ಜಿಗೆ ಎದೆನೋವು ಬಂದರೆ, ಹೆರಿಗೆಯ ನೋವು ಕಾಣಿಸಿದರೆ, ಬಸ್ಸು ಬಾರದು. ನಡೆಯಲಾಗದ ಹಿರಿಯರಿರುವ ಮನೆಗೆ ಬಾಗಿಲಲ್ಲಿ ನಿಂತ ಕಾರಿನ ಬೆಲೆ ಕಿ.ಮೀ. ಲೆಕ್ಕದಲ್ಲಿ ಸಿಗುವುದಿಲ್ಲ. ಅಂತಹ ಮನೆಗೂ ಒಂದು ಷರತ್ತಿದೆ: ಆಪತ್ತಿಗೆಂದು ಇಟ್ಟ ಕಾರು ಆಪತ್ತಿನ ರಾತ್ರಿ ಚಾಲೂ ಆಗಬೇಕು. ಬ್ಯಾಟರಿ, ಬ್ರೇಕು, ಟೈರು, ನೀರು ಈ ನಾಲ್ಕಕ್ಕೆ ಖರ್ಚು ಮಾಡಲಾಗದಿದ್ದರೆ ಆ ಕಾರನ್ನು ನೆಚ್ಚಿ ಕೂರುವುದಕ್ಕಿಂತ ಆಂಬುಲೆನ್ಸಿನ 108 ಸಂಖ್ಯೆಯನ್ನೂ ಊರಿನ ಒಬ್ಬ ಬಾಡಿಗೆ ಗಾಡಿಯವರ ನಂಬರನ್ನೂ ಗೋಡೆಯ ಮೇಲೆ ಬರೆದಿಡುವುದು ಮೇಲು.

ಕೊಳ್ಳಲೇಬೇಕೆಂದು ತೀರ್ಮಾನಿಸಿದವರು ಒಂದು ಸರಳ ನಿಯಮ ಪಾಲಿಸಬಹುದು. ಕೈಯಲ್ಲಿರುವ ಹಣವನ್ನು ಮೂರು ಪಾಲು ಮಾಡಿ ಎರಡು ಪಾಲಿನೊಳಗೆ ಕಾರು ಕೊಳ್ಳಬೇಕು. ಮೂರನೆಯ ಪಾಲು ಮೊದಲ ಆರು ತಿಂಗಳ ಗ್ಯಾರೇಜಿಗೆ. ಇಡೀ ಹಣವನ್ನು ಕಾರಿಗೇ ಕೊಟ್ಟು ಬಂದ ಮನೆಯಲ್ಲಿ ಮೊದಲ ರಿಪೇರಿಗೇ ಸಾಲ ಹುಟ್ಟುತ್ತದೆ. ಒಂದು ನೋಟ್‌ಬುಕ್ಕಿನಲ್ಲಿ ಪೆಟ್ರೋಲ್, ಕಿ.ಮೀ., ರಿಪೇರಿ ಎಂದು ಮೂರು ಕಲಂ ಎಳೆದು ಲೆಕ್ಕ ಬರೆಯುವ ಹೊಣೆಯನ್ನು ಮನೆಯ ವಿದ್ಯಾರ್ಥಿಗೆ ವಹಿಸಬೇಕು. ವರ್ಷದ ಕೊನೆಗೆ ಕಾರನ್ನು ಇಟ್ಟುಕೊಳ್ಳಬೇಕೋ ಮಾರಬೇಕೋ ಎಂಬುದನ್ನು ಆ ನೋಟ್‌ಬುಕ್ಕೇ ಹೇಳುತ್ತದೆ.